ಕೂಸಿನ ಹಗಲ ನಿದ್ದಿ ಮತ್ತ ಅಫೀಮಿನ ಗೋಳಿ

ಹಗಲ ಹೊತ್ತು ಕೂಸು ಮಲಗಲಿಲ್ಲಂದ್ರ ನಮಗ ಒಂದ ಕೆಲಸಾನೂ ಆಗಂಗಿಲ್ಲ, ಹೌದಲ್ರಿ? ಗಿರಣಿ ಕೆಲಸಕ್ಕ ಹೋಗೋ ತಾಯಂದ್ರಿಗಂತೂ ಅದು ಹೊಟ್ಟಿಪಾಡಿನ ಮಾತಾಗಿತ್ತು. 19ನೇ ಶತಮಾನದಾಗ ಇಂಗ್ಲೆಂಡಿನ್ಯಾಗ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಅಂತ ಒಂದು ಔಷಧ ಮಾರತಿದ್ರು. ಕಾಕಂಬಿಯೊಳಗ ಅಫೀಮು ಕಲಸಿದ್ದು. ಕುಡಿಸಿದ್ರ ಕೂಸು ತೆಪ್ಪಗ ಮಲಗತಿತ್ತು, ಹಸಿವಿ ಸತ್ತು ಸೊರಗತಿತ್ತು. ಎಷ್ಟೋ ಕೂಸುಗಳು ಮತ್ತ ಏಳಲೇ ಇಲ್ಲ.

ಮುಂದ 20ನೇ ಶತಮಾನದ ಆರಂಭದಾಗ, ನಮ್ಮ ಮುಂಬೈ ಗಿರಣಿ ಚಾಳಿನೊಳಗ ಅದ ಕೆಲಸ ‘ಬಾಳಗೋಳಿ’ ಮಾಡ್ತು. ಅದ್ರಾಗೂ ಅಫೀಮ. ಆ ತಾಯಂದ್ರನ್ನ ಬೈಲಿಕ್ಕೆ ನನಗ ಮನಸ್ಸಿಲ್ಲ. ಮನ್ಯಾಗ ನೋಡೋರಿಲ್ಲ, ಗಿರಣ್ಯಾಗ ಜಾಗಾ ಇಲ್ಲ, ಏನು ಮಾಡಬೇಕು ಆಕಿ? 50ಕ್ಕಿಂತ ಹೆಚ್ಚು ಹೆಂಗಸರು ದುಡಿಯೋ ಕಾರ್ಖಾನ್ಯಾಗ ಕೂಸಿನ ಮನಿ ಇರಲೇಬೇಕಂತ ಕಾಯ್ದೆ ಆಗಿದ್ದು 1948ರಾಗ.

ಈಗೂ “ಕೆಮ್ಮಿನ ಔಷಧ ಒಂದು ಚಮಚ ಹಾಕು, ಮಲಗತದ” ಅನ್ನೋರು ಇದ್ದಾರ. ಬ್ಯಾಡ್ರೆವ್ವಾ. ಒಂಬತ್ತು ತಿಂಗಳ ಕೂಸಿಗೆ ಸಾಮಾನ್ಯವಾಗಿ ಮುಂಜಾನೆ ಒಂದು, ಮಧ್ಯಾಹ್ನ ಒಂದು ನಿದ್ದಿ ಸಾಕು. ಕಣ್ಣು ತಿಕ್ಕಲಿಕ್ಕೆ ಹತ್ತಿತಂದ್ರ, ದಿನಾ ಅದ ಹೊತ್ತಿಗೆ, ಅದ ಕೋಣ್ಯಾಗ, ಕಿಡಕಿ ಮುಚ್ಚಿ ಮಲಗಸ್ರಿ. ರೂಢಿ ಆಗಲಿಕ್ಕೆ ವಾರ, ಹದಿನೈದು ದಿನ ಹಿಡೀತದ.