ಅಚೌರ್ಯಾಣುವ್ರತ ಮತ್ತು ಕುಕಿಯ ಚರಿತ್ರೆ

ವ್ಯಾಪಾರಿಯ ಖಾತೆಪುಸ್ತಕದಲ್ಲಿ ಗಿರಾಕಿಯ ಸಂಸಾರವೇ ಅಡಗಿರುತ್ತದೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಕೈ ಬರಿದಾಗಿದೆ ಎಂಬುದನ್ನು ಉದ್ರಿಯ ಲೆಕ್ಕವೇ ಹೇಳುತ್ತದೆ. ಆ ಪುಸ್ತಕವನ್ನು ಪಕ್ಕದ ಅಂಗಡಿಯವನಿಗೆ ತೋರಿಸಬಾರದೆಂಬುದು ನಮ್ಮ ಹಿರಿಯರು ಪಾಲಿಸಿದ ಧರ್ಮ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ, ಒಡೆಯನು ಕೊಡದಿರುವುದನ್ನು ಸ್ವೀಕರಿಸುವುದನ್ನೂ ಕಳವಿನ ವ್ಯಾಪ್ತಿಗೆ ಸೇರಿಸಿದ್ದಾರೆ. ಈ ದೃಷ್ಟಿಯಿಂದ ಅಂತರಜಾಲದ ಜಾಹೀರಾತಿನ ಚರಿತ್ರೆಯನ್ನು ಪರಿಶೀಲಿಸುವುದು ಉಚಿತ.

ಆರಂಭದ ಜಾಲತಾಣಗಳಿಗೆ ಸ್ಮರಣೆಯಿರಲಿಲ್ಲ. ಪುಟದಿಂದ ಪುಟಕ್ಕೆ ಹೋದ ಗಿರಾಕಿ ಪ್ರತಿಸಲವೂ ಅಪರಿಚಿತನೇ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ತಾಣವು ನಮ್ಮ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಗುರುತನ್ನು ಇರಿಸುತ್ತದೆ. ಮರಳಿ ಹೋದಾಗ ಅದನ್ನು ನೋಡಿ ನಮ್ಮನ್ನು ಗುರುತಿಸುತ್ತದೆ. ಇದೇ ಕುಕಿ. ಎಲ್ಲ ತಾಣಗಳಿಗೂ ಕಾಣುವ ಒಂದೇ ಸಂಖ್ಯೆಯನ್ನು ಕೊಟ್ಟರೆ ಜನರನ್ನು ಹಿಂಬಾಲಿಸಬಹುದೆಂದು ಅರಿತು, ಒಂದು ತಾಣದ ಕುಕಿಯನ್ನು ಮತ್ತೊಂದು ತಾಣ ಓದಲಾಗದಂತೆ ಮಾಂಟುಲಿ ಅದನ್ನು ರಚಿಸಿದರು. ಉದ್ದೇಶ ನಿರ್ದೋಷವಾಗಿತ್ತು.

ಆದರೆ ಒಂದು ಕಿಂಡಿ ಉಳಿದಿತ್ತು. ಪುಟವೊಂದು ತಾಣದ್ದಾದರೂ ಅದರೊಳಗಿನ ಜಾಹೀರಾತು ಬೇರೊಂದು ಸಂಸ್ಥೆಯ ಕಂಪ್ಯೂಟರಿನಿಂದ ಬರಬಹುದು. ಆ ಮೂರನೆಯವನೂ ತನ್ನ ಕುಕಿಯನ್ನು ಇರಿಸಬಹುದು. ಸಾವಿರಾರು ತಾಣಗಳಲ್ಲಿ ಜಾಹೀರಾತು ಹಾಕುವ ಸಂಸ್ಥೆಗೆ ಒಬ್ಬನೇ ಮನುಷ್ಯ ಎಲ್ಲೆಲ್ಲಿಯೂ ಕಾಣಸಿಗುತ್ತಾನೆ. ನ್ಯೂಯಾರ್ಕಿನ ಡಬಲ್‌ಕ್ಲಿಕ್ ಬೆಳೆದದ್ದು ಹೀಗೆ. 1997ರಲ್ಲಿ ಪ್ರಕಟವಾದ ತಾಂತ್ರಿಕ ನಿಯಮಾವಳಿಯು ಇಂಥ ಮೂರನೆಯವರ ಕುಕಿಗಳನ್ನು ತಡೆಯಬೇಕೆಂದಿತು. ಮುಖ್ಯ ಬ್ರೌಸರ್‌ಗಳು ಅದನ್ನು ಲೆಕ್ಕಿಸಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1999ರಲ್ಲಿ. ಅಂಚೆಯ ಮೂಲಕ ಸಾಮಾನು ತರಿಸುವ ಸುಮಾರು 9 ಕೋಟಿ ಅಮೆರಿಕನ್ ಕುಟುಂಬಗಳ ಖರೀದಿಯ ವಿವರಗಳನ್ನು ಹೊಂದಿದ್ದ ಅಬಾಕಸ್ ಡೈರೆಕ್ಟ್ ಸಂಸ್ಥೆಯನ್ನು ಡಬಲ್‌ಕ್ಲಿಕ್ ಕೊಂಡಿತು. ಅಲ್ಲಿಯವರೆಗೆ ಅನಾಮಧೇಯವಾಗಿದ್ದ ಜಾಲಸಂಚಾರಕ್ಕೆ ಹೆಸರು, ವಿಳಾಸಗಳನ್ನು ಜೋಡಿಸುವುದು ಅದರ ಯೋಜನೆ. 2000ದ ಫೆಬ್ರವರಿಯಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿಗೆ ದೂರು ಹೋಯಿತು. ಜನರ ಆಕ್ರೋಶ ಹೆಚ್ಚಿತು. ಮಾರ್ಚಿಯಲ್ಲಿ ಸಂಸ್ಥೆಯ ಮುಖ್ಯಸ್ಥ ಕೆವಿನ್ ಓ'ಕಾನರ್ ತಪ್ಪಾಯಿತೆಂದು ಒಪ್ಪಿ ಯೋಜನೆಯನ್ನು ತಡೆಹಿಡಿದರು.

ಡಬಲ್‌ಕ್ಲಿಕ್ 2008ರಲ್ಲಿ 310 ಕೋಟಿ ಡಾಲರಿಗೆ ಗೂಗಲ್ ವಶವಾಯಿತು. ಜಾಹೀರಾತಿನ ಕುಕಿಯ ವಿವರವನ್ನು ವ್ಯಕ್ತಿಯ ಹೆಸರಿನ ಖಾತೆಯೊಡನೆ ಸೇರಿಸಲು ಎಡೆಯಾಗುವಂತೆ ಗೂಗಲ್ 2016ರಲ್ಲಿ ತನ್ನ ನೀತಿಯನ್ನು ತಿದ್ದಿತು. 2000ದಲ್ಲಿ ತಪ್ಪೆನಿಸಿದ್ದು ಹದಿನಾರು ವರ್ಷಗಳಲ್ಲಿ ಒಂದು ಷರತ್ತಿನ ಸಾಲಾಗಿತ್ತು. ಪಾಪವು ವಾಡಿಕೆಯಾಗುವ ಬಗೆ ಇದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ನಿಷೇಧವನ್ನು ಬರೆದಿದೆ. ಇವು ಸ್ವಾಗತಾರ್ಹ. ಆದರೆ ಕಾನೂನು ಒಪ್ಪಿಗೆಯನ್ನು ಕೇಳುತ್ತದೆ. ಓದದೆ ಒತ್ತಿದ ಗುಂಡಿಯನ್ನು ದಾನವೆನ್ನಬಹುದೇ? ತಿಳಿದು ಕೊಟ್ಟದ್ದಷ್ಟೇ ಕೊಟ್ಟದ್ದು.

ನಮ್ಮ ಶಾಸ್ತ್ರಕಾರರು ಅತಿಚಾರಗಳನ್ನು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ನಂಬಿ ಇಟ್ಟುದನ್ನು ಅಪಹರಿಸುವುದು ನ್ಯಾಸಾಪಹಾರ. ಚೇಷ್ಟೆಗಳಿಂದ ಅನ್ಯರ ಅಂತರಂಗವನ್ನು ಊಹಿಸಿ ಬಯಲುಗೊಳಿಸುವುದು ಸಾಕಾರಮಂತ್ರಭೇದ. ಇವೆರಡೂ ಸತ್ಯಾಣುವ್ರತಕ್ಕೆ ಸಂಬಂಧಿಸಿದವು. ಕಳ್ಳನು ತಂದ ಮಾಲನ್ನು ಕೊಳ್ಳುವ ತದಾಹೃತಾದಾನವು ಅಚೌರ್ಯಾಣುವ್ರತದ ಅತಿಚಾರ.

ಈ ಕೊನೆಯದು ನಮ್ಮನ್ನೇ ತಟ್ಟುತ್ತದೆ. ಇಂದು ನಮ್ಮ ಸಮಾಜದ ಎಷ್ಟೋ ವರ್ತಕರು ಇದೇ ಬಗೆಯ ಜಾಹೀರಾತಿಗೆ ಹಣ ತೆರುತ್ತಾರೆ. ಅಲ್ಪ ವೆಚ್ಚದಲ್ಲಿ ತಕ್ಕ ಗಿರಾಕಿ ದೊರೆಯುವನೆಂಬುದು ಸುಳ್ಳಲ್ಲ. ಆದರೆ ಆ ಗಿರಾಕಿಯ ಗುಟ್ಟು ಹೇಗೆ ದೊರೆಯಿತೆಂದು ವಿಚಾರಿಸದೆ ಕೊಳ್ಳುವವನು ತನ್ನನ್ನು ನಿರ್ದೋಷಿಯೆಂದು ಹೇಗೆ ಎಣಿಸಿಯಾನು? ಬೆನ್ನು ಹತ್ತದೆ, ಓದುತ್ತಿರುವ ಪುಟಕ್ಕೆ ತಕ್ಕ ಜಾಹೀರಾತನ್ನು ಮಾತ್ರ ತೋರಿಸುವ ದಾರಿಯೂ ಉಂಟು. ಲಾಭ ತುಸು ಕಡಿಮೆಯಾದರೂ ಶ್ರಾವಕನಿಗೆ ಅದು ಸಲ್ಲುವ ದಾರಿ. ಅಜ್ಜಂದಿರು ಮುಚ್ಚಿಟ್ಟ ಖಾತೆಪುಸ್ತಕವನ್ನು ನಾವು ಬೇರೆ ಹೆಸರಿನಲ್ಲಿ ಬೀದಿಗೆ ತೆರೆದಿಡದಿರೋಣ.