ಕ್ರೌರ್ಯ

ಶೂರನಿಂದ ಶೌರ್ಯ ಹುಟ್ಟಿದ ಹಾಗೆ ಕ್ರೂರದಿಂದ ಹುಟ್ಟಿದ ಮಾತು ಕ್ರೌರ್ಯ. ಸಂಸ್ಕೃತದ ಹಳೆಯ ಬಳಕೆಯಲ್ಲಿ 'ಕ್ರೂರ' ಎಂದರೆ ಹಸಿಯಾದದ್ದು, ಗಾಯಗೊಂಡದ್ದು, ರಕ್ತಸಿಕ್ತವಾದದ್ದು. ಹಸಿಮಾಂಸ ಎಂಬರ್ಥದ 'ಕ್ರವ್ಯ' ಇದರ ಬಳಗದ್ದೇ. ಶವ ಸುಡುವ ಅಗ್ನಿಗೆ ವೇದದಲ್ಲಿ 'ಕ್ರವ್ಯಾದ' ಎಂಬ ಹೆಸರಿದೆ. ಇಂಗ್ಲಿಷಿನ 'ಕ್ರೂಯೆಲ್' ಲ್ಯಾಟಿನ್ ದಾರಿಯಿಂದ ಬಂದ ದೂರದ ದಾಯಾದಿ. ಒಟ್ಟಿನಲ್ಲಿ, ಇಂದು ಮನಸ್ಸಿನ ಗುಣವನ್ನು ಹೇಳುವ ಈ ಪದ ಹೊರಟದ್ದು ಹಸಿಗಾಯದಿಂದ.

ಕನ್ನಡದಲ್ಲಿ ಹುಲಿ ಕ್ರೂರಮೃಗ, ಶನಿ ಕ್ರೂರಗ್ರಹ. ಆದರೆ ಹಸಿದು ಬೇಟೆಯಾಡುವ ಹುಲಿಗೆ ಈ ಪದ ಅನ್ಯಾಯವೆಂದೇ ನನಗನಿಸುತ್ತದೆ. ಕ್ರೌರ್ಯಕ್ಕೆ ಇನ್ನೊಬ್ಬರ ನೋವು ಗೊತ್ತಿರಬೇಕು. ಗೊತ್ತಿದ್ದೂ ಕೈ ತಡೆಯಬಾರದು.

ದೆವ್ವಭೂತವಿಲ್ಲದ ಭಯಾನಕ ಕಥೆಗಳ ಜೀವಾಳ ಇದೇ. ಅಮೆರಿಕದ ಶರ್ಲಿ ಜಾಕ್ಸನ್ 1948ರಲ್ಲಿ ಬರೆದ 'ದಿ ಲಾಟರಿ'ಯಲ್ಲಿ ಬಿಸಿಲು ಚೆನ್ನಾಗಿದೆ, ಊರಿನವರು ಹರಟುತ್ತಾ ನೆರೆದಿದ್ದಾರೆ. ಚೀಟಿ ಎತ್ತುತ್ತಾರೆ. ಸಾವಿನ ಚೀಟಿ ಬಂದವರನ್ನು ಕಲ್ಲೆಸೆದು ಕೊಲ್ಲುವುದು ವರ್ಷವರ್ಷದ ಪದ್ಧತಿ. ಈ ಸಲ ಅದು ಬಂದದ್ದು ಒಬ್ಬ ತಾಯಿಗೆ. ಅವಳ ಪುಟ್ಟ ಮಗನ ಕೈಗೂ ಯಾರೋ ಒಂದಿಷ್ಟು ಸಣ್ಣ ಕಲ್ಲು ಕೊಡುತ್ತಾರೆ. ಯಾರಿಗೂ ಕೋಪವಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಅವಸರವಷ್ಟೇ.

ನಿಜಜೀವನದಲ್ಲಿ ನಡೆದ ಇಂಥದನ್ನು ವರದಿ ಮಾಡುವಾಗ ಪತ್ರಿಕೆಗಳು 'ಅಮಾನುಷ ಕೃತ್ಯ', 'ರಾಕ್ಷಸೀ ಕೃತ್ಯ' ಎನ್ನುತ್ತವೆ. ಎರಡೂ ತಪ್ಪನ್ನು ಮನುಷ್ಯರ ಬೇಲಿಯಾಚೆ ಎಸೆಯುವ ಮಾತುಗಳು. 'ಕ್ರೌರ್ಯ' ಅದನ್ನು ಬೇಲಿಯೊಳಗೇ ಇಡುತ್ತದೆ. ಅದಕ್ಕೇ ನಾನು ಈ ಪದವನ್ನು ಆರಿಸಿಕೊಳ್ಳುತ್ತೇನೆ.