ಸರಸ್: ನಿಂತು ನಿಂತು ಹಾರಿದ ವಿಮಾನ

ಸರಸ್ ವಿಮಾನದ ಮಾತು ಬಂದಾಗಲೆಲ್ಲ ಎರಡು ದಿನಾಂಕಗಳು ಮುಂದೆ ಬರುತ್ತವೆ. ಒಂದು 2004ರ ಮೇ 29, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದು ಮೊದಲ ಬಾರಿಗೆ ಮೇಲೆದ್ದ ದಿನ. ಇನ್ನೊಂದು 2009ರ ಮಾರ್ಚ್ 6, ಬಿಡದಿ ಹತ್ತಿರದ ಶೇಷಗಿರಿಹಳ್ಳಿಯಲ್ಲಿ ಅದರ ಎರಡನೆಯ ಮಾದರಿ ಬಿದ್ದು ಮೂವರು ವಾಯುಪಡೆ ಅಧಿಕಾರಿಗಳು ತೀರಿಕೊಂಡ ದಿನ. ಈ ಎರಡನ್ನಷ್ಟೇ ಹಿಡಿದು ಕತೆ ಹೇಳಿದರೆ ಸರಸ್ ದುರ್ದೈವದ ವಿಮಾನವಾಗಿ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. 1980ರ ದಶಕದಿಂದ ಈಚೆಗಿನವರೆಗೆ ಅದು ಬಂದ ಹಾದಿಯನ್ನು ಒಟ್ಟಾಗಿ ನೋಡಿದರೆ, ಅದಕ್ಕಾದ ನಷ್ಟದ ದೊಡ್ಡ ಪಾಲು ಕೆಲಸ ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತ ವರ್ಷಗಳಲ್ಲಿ ಆದದ್ದು ಎಂದು ತಿಳಿಯುತ್ತದೆ.

ಎರಡು ಎಂಜಿನ್ನಿನ ಸಣ್ಣ ವಿಮಾನಕ್ಕೆ ಜಗತ್ತಿನಲ್ಲಿ ಹಳೆಯ ವಂಶಾವಳಿ ಇದೆ. ಅಮೆರಿಕದ ಬೀಚ್‌ಕ್ರಾಫ್ಟ್ ಕಂಪನಿಯ ಮಾಡೆಲ್ 18 ಹಾರಿದ್ದು 1937ರಲ್ಲಿ. ಮುಂದಿನ ಮೂರು ದಶಕಗಳಲ್ಲಿ ಅಂಥ ಒಂಬತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಡವ್ ಬಂದದ್ದು 1945ರಲ್ಲಿ. ಅದರ ಸೇನಾ ರೂಪವಾದ ಡೆವನ್ ನಮ್ಮ ವಾಯುಪಡೆಯಲ್ಲೂ ಬಹುಕಾಲ ದುಡಿಯಿತು. ಈ ವರ್ಗವನ್ನು ಬದಲಿಸಿದ್ದು 1964ರಲ್ಲಿ ಹಾರಿದ ಬೀಚ್‌ಕ್ರಾಫ್ಟ್‌ನದೇ ಕಿಂಗ್ ಏರ್. ಅದಕ್ಕೆ ಪಿಸ್ಟನ್ ಎಂಜಿನ್ ಬದಲು ಕೆನಡಾದ ಪ್ರಾಟ್ ಅಂಡ್ ವಿಟ್ನಿಯ ಪಿಟಿ6 ಟರ್ಬೊಪ್ರಾಪ್ ಕೂರಿಸಿದರು. ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ಕೋಣೆ, ಮೋಡದ ಮೇಲೆ ಹಾರುವ ಶಕ್ತಿ, ಚಿಕ್ಕ ರನ್‌ವೇಯಲ್ಲಿ ಇಳಿಯುವ ಗುಣ ಇವೆಲ್ಲ ಒಂದೇ ವಿಮಾನದಲ್ಲಿ ಕೂಡಿಬಂದವು. ಕಂಪನಿಯ ಯಜಮಾನರು, ಮಂತ್ರಿಗಳು, ರೋಗಿಗಳು, ಟಪಾಲು, ನಕ್ಷೆ ತೆಗೆಯುವ ಕ್ಯಾಮೆರಾ, ಯಾವುದನ್ನು ಬೇಕಾದರೂ ಅದರಲ್ಲಿ ಸಾಗಿಸಬಹುದಾಯಿತು. ಅದೇ ಪಿಟಿ6 ಕುಟುಂಬದ ಎಂಜಿನ್ನುಗಳೇ ನಲವತ್ತು ವರ್ಷಗಳ ನಂತರ ಸರಸ್‌ನ ಬೆನ್ನಿಗೂ ಬಂದವು.

ಬೆಂಗಳೂರಿನ ವಿಮಾನ ಕಟ್ಟುವ ಕೆಲಸ ಎರಡನೆಯ ಮಹಾಯುದ್ಧದಲ್ಲಿ ಹುಟ್ಟಿದ್ದು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು (ಇಂದಿನ ಎಚ್‌ಎಎಲ್) ಸ್ಥಾಪಿಸಿದರು. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್.

ಸ್ವಾತಂತ್ರ್ಯದ ನಂತರ ಬೆಂಗಳೂರಿನಲ್ಲಿ ಸ್ವಂತ ವಿನ್ಯಾಸದ ವಿಮಾನಗಳು ಬಂದವು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ವಿಜ್ಞಾನಿ ಪ್ರಾಂಟಲ್ ಅವರ ಕೈಕೆಳಗೆ ಕಲಿತು ಬಂದ ವಿ. ಎಂ. ಘಾಟಗೆ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಪುಷ್ಪಕ್, 1959ರಲ್ಲಿ ಕೃಷಕ್ ಬಂದವು. ಎಲ್ಲವೂ ಒಂಟಿ ಎಂಜಿನ್ನಿನವು. ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನ ಬೇಕಾದಾಗ ನಾವು ಪರವಾನಗಿಯ ದಾರಿ ಹಿಡಿದೆವು: 1961ರಿಂದ ಕಾನ್ಪುರದಲ್ಲಿ ಬ್ರಿಟಿಷ್ ವಿನ್ಯಾಸದ ಆವ್ರೊ 748, 1980ರ ದಶಕದ ನಡುವಿನಿಂದ ಅಲ್ಲೇ ಜರ್ಮನ್ ವಿನ್ಯಾಸದ ಡಾರ್ನಿಯರ್ 228. ಡಾರ್ನಿಯರ್ ಒಳ್ಳೆಯ, ಗಟ್ಟಿ ವಿಮಾನ. ಆದರೆ ಇನ್ನೊಬ್ಬರ ನಕ್ಷೆ ನೋಡಿಕೊಂಡು ಕಟ್ಟುವವರಿಗೆ ಕಟ್ಟುವ ಕೈಚಳಕ ಬರುತ್ತದೆಯೇ ಹೊರತು, ಈ ರೆಕ್ಕೆ ಇಷ್ಟೇ ಉದ್ದ ಯಾಕೆ ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಆ ಉತ್ತರ ಬೇಕೆಂದು ಹೊರಟದ್ದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಂದರೆ ಎನ್‌ಎಎಲ್.

1959ರಲ್ಲಿ ಸಿಎಸ್‌ಐಆರ್ ಅಡಿಯಲ್ಲಿ ಹುಟ್ಟಿದ ಎನ್‌ಎಎಲ್‌ನ ಮೊದಲ ದಶಕಗಳು ಪ್ರಯೋಗ, ಪರೀಕ್ಷೆಗಳಲ್ಲೇ ಕಳೆದವು. ವಿಮಾನವನ್ನೇ ಕಟ್ಟುವ ಆಸೆ ಬಲಿತದ್ದು 1984ರಿಂದ 1993ರವರೆಗೆ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ಅವಧಿಯಲ್ಲಿ. ಅವರು ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ; ಸೆಂಟ್ರಲ್ ಕಾಲೇಜಿನ ಮೇಷ್ಟರ ಮನೆಯಿಂದ ಬಂದವರು. ಸಣ್ಣ ಊರುಗಳಿಗೆ ವಿಮಾನ ಓಡಿಸಲೆಂದು 1981ರಲ್ಲಿ ಶುರುವಾದ ವಾಯುದೂತ್ ಸಂಸ್ಥೆ ಆಗಿನ್ನೂ ಬದುಕಿತ್ತು. ದೇಶಕ್ಕೆ ಯಾವ ಬಗೆಯ ನಾಗರಿಕ ವಿಮಾನ ಬೇಕು ಎಂದು ಎನ್‌ಎಎಲ್ ಅಧ್ಯಯನ ನಡೆಸಿತು. ಹಗುರ ಸಾರಿಗೆ ವಿಮಾನವೊಂದು ಬೇಕು ಎಂಬ ತೀರ್ಮಾನ 1989ರ ವರದಿಯಲ್ಲಿ ಬಂತು. ಅಧಿಕಾರಿಗಳ ಓಡಾಟ, ಸಣ್ಣ ಊರಿನ ಸಂಪರ್ಕ, ಆಂಬುಲೆನ್ಸ್, ಸರಕು ಎಲ್ಲಕ್ಕೂ ಒಗ್ಗುವಂಥದು. ವಿಮಾನಕ್ಕೆ ಸರಸ್ ಎಂಬ ಹೆಸರು ಬಂದದ್ದು 1993ರಲ್ಲಿ. ಎನ್‌ಎಎಲ್‌ನ ಎರಡು ಸೀಟಿನ ಹಂಸ ವಿಮಾನ ಮೊದಲು ಹಾರಿದ್ದೂ ಅದೇ ವರ್ಷ.

ಮೊದಲ ತಡೆ ರಷ್ಯಾದಿಂದ ಬಂತು. 1991ರಲ್ಲಿ ಮ್ಯಾಸಿಶ್ಚೆವ್ ವಿನ್ಯಾಸ ಕಚೇರಿಯ ಜೊತೆ ಸೇರಿ ಕೆಲಸ ಶುರುವಾಗಿತ್ತು. ಅವರ ಕಡೆ ಇದರ ಹೆಸರು ಎಂ-102 ಡ್ಯುಯೆಟ್. ಸೋವಿಯತ್ ಒಕ್ಕೂಟ ಒಡೆದು ಆ ಕಚೇರಿಯ ಹಣ ಬತ್ತಿತು. ಡ್ಯುಯೆಟ್ ಹಾರಲೇ ಇಲ್ಲ. ಎನ್‌ಎಎಲ್ ಒಂಟಿಯಾಗಿ ಮುಂದುವರಿಯಿತು. ಎರಡನೆಯ ತಡೆ 1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧ. ಅಲ್ಲಿಂದ ತರಬೇಕಾಗಿದ್ದ ಭಾಗಗಳು, ತಂತ್ರಾಂಶ, ಸಲಹೆ ಎಲ್ಲವೂ ಒಮ್ಮೆಗೇ ದೂರವಾದವು. 1999ರ ಸೆಪ್ಟೆಂಬರ್ 24ರಂದು ಸರ್ಕಾರದ ಪೂರ್ಣ ಮಂಜೂರಾತಿ ಸಿಕ್ಕಾಗ 2001ರ ಮಾರ್ಚ್‌ಗೆ ಹಾರಬೇಕೆಂಬ ಗುರಿ ಇತ್ತು. ಹಾರಿದ್ದು 2004ರಲ್ಲಿ. ಜಗತ್ತಿನಲ್ಲಿ ಹೊಸ ವಿಮಾನಗಳು ತಡವಾಗುವುದನ್ನು ನೋಡಿದರೆ ಮೂರು ವರ್ಷ ದೊಡ್ಡ ತಪ್ಪೇನಲ್ಲ.

ವಿಮಾನದ ವಿನ್ಯಾಸವೇ ನನಗೆ ತುಂಬ ಇಷ್ಟವಾದ ಭಾಗ. ಸರಸ್‌ನ ಎಂಜಿನ್ನುಗಳು ರೆಕ್ಕೆಯ ಮೇಲಿಲ್ಲ. ಒಡಲಿನ ಹಿಂಭಾಗದಲ್ಲಿ ಗಿಡ್ಡ ತೋಳುಗಳ ಮೇಲೆ ಕೂತಿವೆ. ಐದು ಅಲಗಿನ ಪ್ರೊಪೆಲರ್‌ಗಳು ಹಿಮ್ಮುಖವಾಗಿ ನಿಂತು ವಿಮಾನವನ್ನು ತಳ್ಳುತ್ತವೆ. ಇದರ ಲಾಭ ಮೂರು. ಪ್ರೊಪೆಲರ್ ಸದ್ದು ಹಿಂದೆ ಉಳಿಯುವುದರಿಂದ ಕೂತವರಿಗೆ ಕಿರಿಕಿರಿ ಕಡಿಮೆ. ರೆಕ್ಕೆಯ ಮೇಲೆ ಗಾಳಿ ಕಲಕದೆ ಹರಿಯುತ್ತದೆ. ಒಂದು ಎಂಜಿನ್ ಕೆಟ್ಟರೆ ಇನ್ನೊಂದು ವಿಮಾನದ ನಡುಗೆರೆಗೆ ಹತ್ತಿರವಿರುವುದರಿಂದ ಮೂತಿ ಪಕ್ಕಕ್ಕೆ ತಿರುಗುವ ಎಳೆತ ಕಡಿಮೆ. ಇಟಲಿಯ ಪಿಯಾಜಿಯೊ ಅವಾಂಟಿಯಲ್ಲೂ ಎಂಜಿನ್ನುಗಳು ಹಿಂದಿನಿಂದ ತಳ್ಳುತ್ತವೆ. 1986ರಲ್ಲಿ ಹಾರಿದ ಆ ಚೆಲುವಾದ ವಿಮಾನದಲ್ಲಿ ಇರುವುದೂ ಸರಸ್‌ನ ಮೊದಲ ಮಾದರಿಗೆ ಹಾಕಿದ ಪಿಟಿ6ಎ-66 ಎಂಜಿನ್ನೇ, ತಲಾ 850 ಅಶ್ವಶಕ್ತಿಯದು. ಹಾಗೆಂದು ಈ ಲಾಭಗಳು ಪುಕ್ಕಟೆ ಸಿಗುವುದಿಲ್ಲ. ಭಾರವೆಲ್ಲ ಬಾಲದ ಕಡೆ ಸೇರಿ ತೂಕದ ಸಮತೋಲ ಕಷ್ಟವಾಗುತ್ತದೆ. ಪ್ರೊಪೆಲರ್ ಸುತ್ತುವುದು ರೆಕ್ಕೆ, ಒಡಲುಗಳಿಂದ ಕಲಕಿ ಬಂದ ಗಾಳಿಯಲ್ಲಿ. ಚಕ್ರ ಸಿಡಿಸಿದ ಕಲ್ಲು ಅಲಗಿಗೆ ಬಡಿಯಬಹುದು. ಮೊದಲ ಪ್ರಯಾಣಿಕ ವಿಮಾನಕ್ಕೇ ಇಂಥ ವಿನ್ಯಾಸ ಆರಿಸಿದ್ದು ಸಾಹಸ. ಇನ್ನೂ ಸರಳವಾದದ್ದನ್ನು ಆರಿಸಬಹುದಿತ್ತು ಎನ್ನುವವರ ಮಾತಿನಲ್ಲಿ ಸತ್ಯಾಂಶ ಇದೆ.

ಕಷ್ಟ ಬಂದದ್ದೂ ತೂಕದಿಂದಲೇ. ವಿನ್ಯಾಸದ ಪ್ರಕಾರ ಹಾರಾಟ ಶುರುವಾಗುವಾಗ ವಿಮಾನದ ಗರಿಷ್ಠ ತೂಕ 6,100 ಕಿಲೊ, ಅದರಲ್ಲಿ ಹೊರಬಹುದಾದದ್ದು 1,232 ಕಿಲೊ, ಸೀಟು 14. ಮೊದಲ ಮಾದರಿ ಸಿದ್ಧವಾದಾಗ ಅದರ ಖಾಲಿ ತೂಕ ಎಣಿಸಿದ್ದಕ್ಕಿಂತ ಸುಮಾರು 900 ಕಿಲೊ ಹೆಚ್ಚಿತ್ತು. ಹೊರೆಯ ಮುಕ್ಕಾಲು ಪಾಲನ್ನು ವಿಮಾನದ ಮೈಯೇ ತಿಂದುಹಾಕಿದಂತಾಯಿತು. 2007ರ ಏಪ್ರಿಲ್ 18ರಂದು ಹಾರಿದ ಎರಡನೆಯ ಮಾದರಿಯಲ್ಲಿ ಹಗುರವಾದ ಕಾಂಪೊಸಿಟ್ ಭಾಗಗಳನ್ನು ಹೆಚ್ಚಿಸಿ ಸುಮಾರು 400 ಕಿಲೊ ಇಳಿಸಿದರು. ಎಂಜಿನ್ 1,200 ಅಶ್ವಶಕ್ತಿಗೆ ಏರಿತು. ಒಟ್ಟು ತೂಕದ ಮಿತಿ 7,100 ಕಿಲೊಗೆ ಹೋಯಿತು. ಇದು ಸೋಲಿನ ಕುರುಹಲ್ಲ. ಮೊದಲ ಮಾದರಿ ಕಲಿಸಿದ್ದನ್ನು ಎರಡನೆಯದರಲ್ಲಿ ತಿದ್ದುವುದೇ ವಿಮಾನ ಕಟ್ಟುವ ರೀತಿ, ಆ ತಿದ್ದುಪಡಿ ಸರಿಯಾದ ದಿಕ್ಕಿನಲ್ಲೇ ನಡೆದಿತ್ತು.

ಆ ಎರಡನೆಯ ಮಾದರಿಯೇ 2009ರಲ್ಲಿ ಬಿದ್ದದ್ದು. ಹಾರುತ್ತಿರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಪ್ರಮಾಣಪತ್ರ ಬೇಕೆಂದರೆ ಮಾಡಲೇಬೇಕಾದ ಪರೀಕ್ಷೆ. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ ವಿಮಾನದಲ್ಲಿದ್ದರು. ಮತ್ತೆ ಹೊತ್ತಿಸಲು ರೂಪಿಸಿಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು, ಅದನ್ನು ಮಾಡಿದ ಎತ್ತರವೂ ಸಾಲದಾಗಿತ್ತು ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ತನಿಖೆ ಹೇಳಿತು. ಆ ಮೂವರೂ ಬೇರೆಯವರ ಕಾಗದದ ಮೇಲಿನ ಲೆಕ್ಕವನ್ನು ತಮ್ಮ ಮೈಮೇಲೆ ತೆಗೆದುಕೊಂಡು ಪರೀಕ್ಷಿಸಲು ಹೋದವರು. ಸರಸ್‌ನ ಬಗ್ಗೆ ಬರೆಯುವ ಯಾರೇ ಆಗಲಿ ಅವರ ಹೆಸರುಗಳನ್ನು ಬಿಟ್ಟು ಬರೆಯಬಾರದು.

ಅವರ ಸಾವಿಗೆ ಸಲ್ಲಬೇಕಿದ್ದ ಗೌರವ ಎಂದರೆ ತನಿಖೆ ಹೇಳಿದ್ದನ್ನು ತಿದ್ದಿ, ಹೊಸ ಮಾದರಿ ಕಟ್ಟಿ, ಅದೇ ಪರೀಕ್ಷೆಯನ್ನು ಸರಿಯಾಗಿ ಮುಗಿಸುವುದು. ನಡೆದದ್ದು ಬೇರೆ. ಕೆಲಸ ನಿಧಾನವಾಯಿತು, 2013ರ ಹೊತ್ತಿಗೆ ಹಣ ನಿಂತಿತು, 2016ರ ಆರಂಭದಲ್ಲಿ ಯೋಜನೆ ಮುಗಿದೇಹೋಯಿತೆಂಬ ಸುದ್ದಿಯೂ ಬಂತು. ವಿಮಾನದ ಯೋಜನೆ ನಿಲ್ಲುವುದೆಂದರೆ ಹ್ಯಾಂಗರ್‌ಗೆ ಬೀಗ ಹಾಕಿದಷ್ಟು ಸುಲಭದ ಮಾತಲ್ಲ. ತೂಕ ಇಳಿಸುವುದು ಹೇಗೆ ಎಂದು ಕಲಿತ ಎಂಜಿನಿಯರ್ ಬೇರೆ ಕೆಲಸಕ್ಕೆ ಹೋಗುತ್ತಾನೆ. ಕಂಟ್ರೋಲ್ ಹಿಡಿದರೆ ಎಷ್ಟು ಭಾರ ಎನಿಸುತ್ತದೆ ಎಂದು ಬಲ್ಲ ಪೈಲಟ್ ನಿವೃತ್ತನಾಗುತ್ತಾನೆ. ಬಿಡಿಭಾಗ ಕೊಡುತ್ತಿದ್ದ ಸಣ್ಣ ಕಾರ್ಖಾನೆ ಬೇರೆ ಸರಕು ಮಾಡತೊಡಗುತ್ತದೆ. ಮತ್ತೆ ಶುರು ಮಾಡುವವರು ಬರಿಯ ಕಡತಗಳಿಂದ ಶುರು ಮಾಡಬೇಕು.

ಆದರೂ ಶುರು ಮಾಡಿದರು. ಮೊದಲ ಮಾದರಿಯನ್ನೇ ಬಿಚ್ಚಿ ತಿದ್ದಿ ಕಟ್ಟಿದ ಪಿಟಿ1ಎನ್ 2018ರ ಜನವರಿ 24ರಂದು ಸುಮಾರು ನಲವತ್ತು ನಿಮಿಷ ಹಾರಿತು. ವಿಂಗ್ ಕಮಾಂಡರ್ ಯು. ಪಿ. ಸಿಂಗ್, ಗ್ರೂಪ್ ಕ್ಯಾಪ್ಟನ್ ಆರ್. ವಿ. ಪಣಿಕ್ಕರ್, ಗ್ರೂಪ್ ಕ್ಯಾಪ್ಟನ್ ಕೆ. ಪಿ. ಭಟ್ ಅದರಲ್ಲಿದ್ದರು. ಆ ತಿದ್ದುಪಡಿಗಳನ್ನು ಗಮನಿಸಬೇಕು: ಕಂಟ್ರೋಲ್‌ಗಳ ಭಾರ ಸರಿಪಡಿಸಿದ್ದು, ದಿಕ್ಕು ತಿದ್ದುವ ರಡರ್‌ನ ವಿಸ್ತೀರ್ಣ ಹೆಚ್ಚಿಸಿದ್ದು, ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಆಗುವ ಮುನ್ನ ಎಚ್ಚರಿಸುವ ವ್ಯವಸ್ಥೆ, 1,200 ಅಶ್ವಶಕ್ತಿಯ ಎಂಜಿನ್, 104 ಅಂಗುಲದ ದೊಡ್ಡ ಪ್ರೊಪೆಲರ್. ಕೊನೆಯ ಎರಡರ ಉದ್ದೇಶ ಒಂದೇ. ನೆಲ ಬಿಟ್ಟು ಚಕ್ರ ಮಡಚಿದ ಕೂಡಲೇ ಒಂದು ಎಂಜಿನ್ ಸತ್ತರೂ ಇನ್ನೊಂದರಲ್ಲೇ ವಿಮಾನ ನಿಗದಿತ ಏರಿನಲ್ಲಿ ಮೇಲೇರುತ್ತಲೇ ಇರಬೇಕು. ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನಕ್ಕೆ ಇರುವ ಅರ್ಥವೇ ಅದು. ಅದೇ ವರ್ಷ ಫೆಬ್ರುವರಿ 21ರಂದು ಎರಡನೆಯ ಹಾರಾಟವಾಯಿತು. ಆರಂಭಕ್ಕೆ 15 ವಿಮಾನ ಕೊಳ್ಳುವುದಾಗಿ ವಾಯುಪಡೆ ಒಪ್ಪಿತು.

ಈಗಿನ ಗುರಿ 19 ಸೀಟಿನ ಸರಸ್ ಮಾರ್ಕ್-2. ಹತ್ತೊಂಬತ್ತು ಎಂಬುದು ಸುಮ್ಮನೆ ಬಂದ ಸಂಖ್ಯೆಯಲ್ಲ. ಹಗುರ ವಿಮಾನಗಳ ನಿಯಮಾವಳಿಯಲ್ಲಿ ಪ್ರಯಾಣಿಕರ ಸೀಟುಗಳ ಮಿತಿ ಅದು. ಅದನ್ನು ದಾಟಿದರೆ ದೊಡ್ಡ ವಿಮಾನಗಳ ದುಬಾರಿ ಪರೀಕ್ಷೆಗಳೆಲ್ಲ ತಲೆಗೆ ಬೀಳುತ್ತವೆ. ಯಜಮಾನರ ವಿಮಾನದ ಕನಸಿನಿಂದ ಸರಸ್ ಸಣ್ಣ ಊರಿನ ವಿಮಾನದ ಕಡೆ ಸರಿದಿದೆ. ನನಗೆ ಇದು ಒಳ್ಳೆಯ ಬದಲಾವಣೆ. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂದವು. ನಮ್ಮ ಚಾಮರಾಜನಗರ ಜಿಲ್ಲೆಗೆ ಒಂದೂ ಇಲ್ಲ. ಜಿಲ್ಲೆಯ ಮಾಂಬಳ್ಳಿ ಊರಿನವರಿಗೆ ಹತ್ತಿರದ್ದು ಮೈಸೂರಿನ ಮಂಡಕಳ್ಳಿ. ಅಲ್ಲಿಗೆ ದೊಡ್ಡ ವಿಮಾನ ತುಂಬುವಷ್ಟು ಜನ ದಿನವೂ ಸಿಗುವುದಿಲ್ಲ. ಹತ್ತೊಂಬತ್ತು ಜನರನ್ನು ಹೊತ್ತು ಲಾಭದಲ್ಲಿ ಹಾರಬಲ್ಲ ವಿಮಾನ ಇದ್ದರೆ ಇಂಥ ನಿಲ್ದಾಣಗಳು ಬದುಕುತ್ತವೆ. ಕಾನ್ಪುರದ ಡಾರ್ನಿಯರ್ 2022ರ ಏಪ್ರಿಲ್‌ನಿಂದ ಅಸ್ಸಾಮಿನ ದಿಬ್ರುಗಢ ಮತ್ತು ಅರುಣಾಚಲದ ಪಾಸಿಘಾಟ್ ನಡುವೆ ಹಾರಲು ಶುರುಮಾಡಿ ಸಣ್ಣ ಊರಿನ ಹಾರಾಟಕ್ಕೆ ದಾರಿ ತೋರಿಸಿದೆ. ಹತ್ತು ವರ್ಷಗಳಲ್ಲಿ ದೇಶಕ್ಕೆ ಇಂಥ 120ರಿಂದ 160 ವಿಮಾನ ಬೇಕಾಗುತ್ತವೆ, ಆಮದು ವಿಮಾನಕ್ಕಿಂತ ಸರಸ್ ಶೇಕಡ 20ರಿಂದ 25ರಷ್ಟು ಅಗ್ಗವಾಗುತ್ತದೆ ಎಂದು 2018ರಲ್ಲಿ ಕೇಂದ್ರ ಸರ್ಕಾರ ಹೇಳಿತ್ತು.

ಸೇನೆಯ ವಿಮಾನಗಳನ್ನು ಎಚ್‌ಎಎಲ್, ನಾಗರಿಕ ವಿಮಾನಗಳನ್ನು ಖಾಸಗಿ ಕಂಪನಿಗಳು ಕಟ್ಟಬೇಕೆಂಬ ಹಂಚಿಕೆಯೂ ಆಗಲೇ ಆಗಿತ್ತು. ಹಂಚಿಕೆ ಸರಿ, ಆದರೆ ಎರಡೂ ಕಡೆಯಿಂದ ಬರುವ ದೂರು, ದೋಷಗಳೆಲ್ಲ ಎನ್‌ಎಎಲ್‌ನ ಒಂದೇ ವಿನ್ಯಾಸ ತಂಡಕ್ಕೆ ತಲುಪಬೇಕು. ಮಾರ್ಕ್-2ಕ್ಕೆ ಪ್ರಮಾಣಪತ್ರ ಸಿಗುವವರೆಗೆ ಆ ತಂಡದ ಹಣವನ್ನು ವರ್ಷ ವರ್ಷದ ಬಜೆಟ್ಟಿಗೆ ಕಟ್ಟಿಹಾಕದೆ ಒಟ್ಟಿಗೆ ತೆಗೆದಿಡಬೇಕು. ಒಂದು ಮಾದರಿ ವಿಮಾನಕ್ಕೆ ಏನಾದರೂ ಆದರೆ ಪರೀಕ್ಷೆ ನಿಲ್ಲದಂತೆ ಎರಡನೆಯದೂ ಮೂರನೆಯದೂ ಹ್ಯಾಂಗರ್‌ನಲ್ಲಿ ಸಿದ್ಧವಾಗಿರಬೇಕು.